ಅಜ್ಜಿ ಬಿದ್ದ ಮೇಲಿನ 48 ಗಂಟೆ

ಬೆಂಗಳೂರಿನ ಮತ್ತಿಕೆರೆಯ ಅಡ್ಡರಸ್ತೆಗಳಲ್ಲಿ ಇನ್ನೂ ಬೆಳಗಾಗುವುದು ಮನೆ ಮುಂದೆ ನೀರು ಹಾಕುವ ಸದ್ದಿನಿಂದ. ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವ ಕೆಲಸವನ್ನು ಎಪ್ಪತ್ತು ದಾಟಿದ ಹೆಂಗಸರು ಸೊಸೆಗೂ ಬಿಟ್ಟುಕೊಡುವುದಿಲ್ಲ, ಕೆಲಸದವರಿಗೂ ಬಿಟ್ಟುಕೊಡುವುದಿಲ್ಲ. ಬಾಗಿಲ ಮುಂದೆ ಹಿಂದಿದ್ದ ಒರಟು ಚಪ್ಪಡಿ ಈಗಿಲ್ಲ, ಪಾಲಿಶ್ ಮಾಡಿದ ಗ್ರಾನೈಟ್ ಬಂದಿದೆ. ಅದರ ಮೇಲೆ ನೀರು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಜಾರುವುದಕ್ಕೆ ಇಷ್ಟು ಸಾಕು. ಮಗ ಒಳಗಿನಿಂದ ಓಡಿ ಬರುವಷ್ಟರಲ್ಲಿ ತಾಯಿ ಪಕ್ಕಕ್ಕೆ ಬಿದ್ದಿರುತ್ತಾರೆ. "ಏನೂ ಆಗಿಲ್ಲ ಕಣೋ, ಸ್ವಲ್ಪ ಕೈ ಕೊಡು" ಎನ್ನುತ್ತಾರೆ. ಕೈ ಕೊಟ್ಟರೂ ಏಳಲು ಆಗುವುದಿಲ್ಲ.

ಆ ಹೊತ್ತಿನಲ್ಲಿ ಅವರ ಕಾಲನ್ನೊಮ್ಮೆ ನೋಡಬೇಕು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡು, ಪಾದ ಹೊರಗಡೆಗೆ ಹೊರಳಿಕೊಂಡಿದ್ದರೆ ತೊಡೆಮೂಳೆಯ ಮೇಲ್ತುದಿ, ಸೊಂಟದ ಕೀಲಿನ ಹತ್ತಿರ, ಮುರಿದಿದೆ ಎಂದೇ ತಿಳಿದುಕೊಂಡು ಮುಂದುವರಿಯಬೇಕು. ಎಲ್ಲರಲ್ಲೂ ಹೀಗೆ ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಕೆಲವರಲ್ಲಿ ಮುರಿದ ತುಂಡುಗಳು ಒಂದರೊಳಗೊಂದು ಕಚ್ಚಿಕೊಂಡು ಕೂತಿರುತ್ತವೆ. ಅಂಥವರು ಕುಂಟುತ್ತ ನಾಲ್ಕು ಹೆಜ್ಜೆ ನಡೆದೂಬಿಡುತ್ತಾರೆ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಹೋಗುವುದೂ ಉಂಟು. ತೊಡೆಸಂದಿನ ನೋವು ಕಡಿಮೆಯಾಗದಿದ್ದರೆ "ಎಕ್ಸ್‌ರೇ ನಾರ್ಮಲ್ ಬಂತು" ಎಂದು ಮನೆಗೆ ಕರೆತರಬಾರದು. ಸಿಟಿ ಅಥವಾ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನು ಕೇಳಬೇಕು.

ಈ ಲೇಖನದಲ್ಲಿ ನನಗೆ ಹೇಳಬೇಕಾಗಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಂಟ ಮುರಿದ ಹಿರಿಯರ ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ಮುರಿದ ಮೂಳೆಯಿಂದಲ್ಲ, ಆಮೇಲೆ ಮಲಗಿದ ಹಾಸಿಗೆಯಿಂದ. ಬಿದ್ದ ಗಳಿಗೆಯಿಂದ ಮತ್ತೆ ಕಾಲೂರುವ ಗಳಿಗೆಯವರೆಗಿನ ಕಾಲವನ್ನು ಎಷ್ಟು ಕಿರಿದು ಮಾಡುತ್ತೇವೋ ಅಷ್ಟು ಅವರು ಉಳಿಯುತ್ತಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಹೀಗೆ ಸೊಂಟ ಮುರಿದ ಹಿರಿಯರಲ್ಲಿ ಶೇ 20ರಿಂದ 30ರಷ್ಟು ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಬದುಕಿದವರಲ್ಲೂ ಬಹಳ ಜನ ಮೊದಲಿನಂತೆ ತಾವೇ ಎದ್ದು ಬಚ್ಚಲಿಗೆ ಹೋಗಿಬರುವ ಸ್ಥಿತಿಗೆ ಮರಳುವುದಿಲ್ಲ. ಇದು ಬಿಳಿಯರ ದೇಶದ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಇತ್ತು. 2009ರಲ್ಲಿ ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಲೆಕ್ಕ ಹಾಕಿದಾಗ, 50 ವರ್ಷ ದಾಟಿದ ಪ್ರತಿ ಲಕ್ಷ ಹೆಂಗಸರಲ್ಲಿ 159, ಗಂಡಸರಲ್ಲಿ 105 ಮಂದಿಗೆ ಆ ವರ್ಷ ಸೊಂಟ ಮುರಿದಿತ್ತು. ಗಂಡಸರ ಸಂಖ್ಯೆಯನ್ನು ಗಮನಿಸಿ. ಇದನ್ನು ಹೆಂಗಸರ ತೊಂದರೆ ಎಂದು ಪಕ್ಕಕ್ಕಿಡುವಂತಿಲ್ಲ.

ಮತ್ತಿಕೆರೆಯಂಥ ಬಡಾವಣೆಗೆ ಈ ವಿಷಯ ಇನ್ನೂ ಹತ್ತಿರದ್ದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಬೆಂಗಳೂರಿನ ಈ ಉತ್ತರದ ಅಂಚಿಗೆ ಕೆಲಸ ತಂದವು. ಊರಿನಿಂದ ಬಂದು ಕೆಲಸಕ್ಕೆ ಸೇರಿದ ಹುಡುಗರು ಗೋಕುಲ, ಮುತ್ಯಾಲನಗರ, ಎಚ್‌ಎಂಟಿ ಬಡಾವಣೆ, ದಿವಾನರಪಾಳ್ಯದ ಸುತ್ತ ಇಪ್ಪತ್ತು–ಮೂವತ್ತರ, ಮೂವತ್ತು–ನಲವತ್ತರ ಸೈಟುಗಳಲ್ಲಿ ಮನೆ ಕಟ್ಟಿಕೊಂಡರು. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದವರು ಈಗ ಒಂದೇ ಕಾಲಕ್ಕೆ ಮುಪ್ಪಾಗಿದ್ದಾರೆ. ಮಕ್ಕಳು ವೈಟ್‌ಫೀಲ್ಡಿನಲ್ಲೋ ಡಲ್ಲಾಸಿನಲ್ಲೋ ಇದ್ದಾರೆ. ಕೆಳಗಿನ ಮನೆಯನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟು, ಮನೆಯ ಯಜಮಾನರು ಮೇಲಿನ ಮಹಡಿಯಲ್ಲಿದ್ದಾರೆ. ಮಹಡಿಗೆ ಹೋಗುವ ಮೆಟ್ಟಿಲು ಕಿರಿದು, ಕಡಿದು, ಎಷ್ಟೋ ಮನೆಗಳಲ್ಲಿ ಒಂದು ಬದಿಗೆ ಹಿಡಿಕೆಯೇ ಇಲ್ಲ. ಸೈಟು ಚಿಕ್ಕದಾದದ್ದರಿಂದ ಬಚ್ಚಲು–ಪಾಯಿಖಾನೆ ಒಂದೇ ಕಡೆ, ನೆಲ ಯಾವಾಗಲೂ ಒದ್ದೆ.

ಇಲ್ಲಿ ಆಸ್ಪತ್ರೆ ದೂರ ಎನ್ನುವ ಮಾತಿಲ್ಲ. ರಾಮಯ್ಯ ಆಸ್ಪತ್ರೆ ಮತ್ತಿಕೆರೆಯಿಂದ ನಡೆದು ಹೋಗುವಷ್ಟು ಹತ್ತಿರ. ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಇದೆ. ಮೂಳೆ ಮತ್ತು ಅಪಘಾತದ ಚಿಕಿತ್ಸೆಗೆಂದೇ ಇರುವ ಸಂಜಯ್ ಗಾಂಧಿ ಸಂಸ್ಥೆ ಜಯನಗರದ ಕಡೆ ಇದೆ. ಕರ್ನಾಟಕದಲ್ಲಿ 108 ಆಂಬುಲೆನ್ಸ್ 2008ರಿಂದ ಓಡುತ್ತಿದೆ. ಕೊಡಗಿನ ತೋಟದ ಮನೆಯಲ್ಲೋ ರಾಯಚೂರಿನ ತಾಂಡಾದಲ್ಲೋ ಬಿದ್ದವರಿಗೆ ರಸ್ತೆಯೇ ಶತ್ರು. ಮತ್ತಿಕೆರೆಯಲ್ಲಿ ಬಿದ್ದವರ ಸಮಯ ಕಳೆದುಹೋಗುವುದು ಬೇರೆ ಕಡೆ. ಅರ್ಧ ಮನೆಯ ಹಾಲಿನಲ್ಲಿ, ಇನ್ನರ್ಧ ಆಸ್ಪತ್ರೆಯ ವಾರ್ಡಿನಲ್ಲಿ.

ಹಾಲಿನಲ್ಲಿ ನಡೆಯುವ ಪಂಚಾಯಿತಿ

ಪಕ್ಕದ ಮನೆಯವರು ಬರುತ್ತಾರೆ. ಒಬ್ಬರು ಬಿಸಿನೀರಿನ ಚೀಲ ತರುತ್ತಾರೆ, ಇನ್ನೊಬ್ಬರು ನೋವಿನೆಣ್ಣೆ ಹಚ್ಚಿ ತಿಕ್ಕುತ್ತಾರೆ. ಮೂರನೆಯವರು ಪುತ್ತೂರು ಕಟ್ಟಿನ ಮಾತೆತ್ತುತ್ತಾರೆ. ಆಂಧ್ರದ ಪುತ್ತೂರಿನಿಂದ ಹೆಸರು ಪಡೆದ ಈ ಕಟ್ಟಿನ ಬೋರ್ಡುಗಳು ಬೆಂಗಳೂರಿನ ಎಲ್ಲ ಮೂಲೆಗಳಲ್ಲೂ ಇವೆ. ಕೈ ಮಣಿಕಟ್ಟು ಉಳುಕಿದವರು, ಬೆರಳು ಮುರಿದವರು ಅಲ್ಲಿ ವಾಸಿಯಾಗಿ ಬಂದದ್ದನ್ನು ಜನ ಕಂಡಿದ್ದಾರೆ, ಹಾಗಾಗಿ ನಂಬುತ್ತಾರೆ. ಆ ನಂಬಿಕೆಯನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಸೊಂಟದ ಕೀಲಿನ ಮುರಿತ ಹೊರಗಿನ ಪಟ್ಟಿಗೆ ಸಿಗುವಂಥದ್ದಲ್ಲ. ಅದು ದಪ್ಪ ಮಾಂಸಖಂಡಗಳ ಒಳಗಿದೆ. ಆ ಖಂಡಗಳೇ ಮುರಿದ ತುಂಡುಗಳನ್ನು ಮೇಲಕ್ಕೂ ಹೊರಕ್ಕೂ ಎಳೆಯುತ್ತಿರುತ್ತವೆ. ತೊಡೆಗೆ ಸುತ್ತಿದ ಬಟ್ಟೆ, ಬಿದಿರ ದಬ್ಬೆ, ಮೊಟ್ಟೆಯ ಲೇಪ ಅದನ್ನು ಹಿಡಿದು ನಿಲ್ಲಿಸಲಾರವು. ಕಟ್ಟಿಸಿಕೊಂಡು ಬಂದು ಮೂರು ವಾರ ಮಲಗಿದರೆ ಆ ಮೂರು ವಾರದಲ್ಲೇ ಕೆಡಬೇಕಾದದ್ದೆಲ್ಲ ಕೆಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆದಿರುವ ಮಾತು ಇನ್ನೊಂದಿದೆ: "ಈ ವಯಸ್ಸಿಗೆ ಆಪರೇಷನ್ ಯಾಕೆ?" ಇದನ್ನು ಹೇಳುವವರು ಕೆಟ್ಟವರಲ್ಲ. ಎಂಬತ್ತೈದರ ಜೀವವನ್ನು ಕೊಯ್ಯುವುದು ಬೇಡ ಎಂಬ ಕರುಣೆಯಿಂದಲೇ ಹೇಳುತ್ತಾರೆ. ಆದರೆ ಲೆಕ್ಕ ತಿರುಗಾಮುರುಗಾ ಆಗಿದೆ. ಮೂವತ್ತು ವರ್ಷದವನೊಬ್ಬ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದರೆ ಎದ್ದು ಬರುತ್ತಾನೆ. ಎಂಬತ್ತೈದರವರಿಗೆ ಮಲಗಲು ಎರಡು ತಿಂಗಳ ಶಕ್ತಿ ಉಳಿದಿರುವುದಿಲ್ಲ. ವಯಸ್ಸು ಹೆಚ್ಚಿದಷ್ಟೂ ಬೇಗ ಆಪರೇಷನ್ ಬೇಕು.

ಆರೋಗ್ಯವಾಗಿರುವ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಿಂದ ಹತ್ತಿರಹತ್ತಿರ 1 ಕಿಲೋದಷ್ಟು ಮಾಂಸ ಕರಗಿತ್ತು. ಅವರಿಗೆ ಮುರಿತವಿರಲಿಲ್ಲ, ರಕ್ತ ಹೋಗಿರಲಿಲ್ಲ, ನೋವಿರಲಿಲ್ಲ. ಸೊಂಟ ಮುರಿದವರಿಗೆ ಇದೆಲ್ಲವೂ ಇರುತ್ತದೆ. ಮಲಗಿದಲ್ಲೇ ಇರುವವರಿಗೆ ಕಫ ಕೆಮ್ಮಿ ತೆಗೆಯಲಾಗದೆ ನ್ಯುಮೋನಿಯಾ ಹಿಡಿಯುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಒಂದು ದಿನ ಶ್ವಾಸಕೋಶಕ್ಕೆ ಹೋಗಿ ಅಡ್ಡ ನಿಲ್ಲುತ್ತದೆ. ಮೂತ್ರಕ್ಕೆ ಹಾಕಿದ ಪೈಪಿನಿಂದ ಸೋಂಕು ಏರುತ್ತದೆ. ಟೊಂಕದ ಹಿಂಭಾಗ, ಹಿಮ್ಮಡಿ ಕೆಂಪಾಗಿ, ಚರ್ಮ ಒಡೆದು, ಮೂಳೆಯವರೆಗೆ ಹುಣ್ಣಾಗುತ್ತದೆ. ಬೆಡ್‌ಸೋರ್ ತೊಳೆದು ಬಲ್ಲವರಿಗೆ ಅದು ಎಂಥ ಸಂಕಟವೆಂದು ನಾನು ಹೇಳಬೇಕಿಲ್ಲ. ನಮ್ಮ ಹಿಂದಿನವರು ಇದನ್ನೆಲ್ಲ ಸೇರಿಸಿ 'ಹಾಸಿಗೆ ಹಿಡಿದರು' ಎನ್ನುತ್ತಿದ್ದರು. ಹಾಗೆ ಹಿಡಿದವರು ಏಳುತ್ತಿದ್ದದ್ದು ಅಪರೂಪ, ಏಕೆಂದರೆ ಆಗ ಬೇರೆ ದಾರಿ ಇರಲಿಲ್ಲ. ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. ಈಗ ದಾರಿ ಇದೆ.

ಇನ್ನೂ ಒಂದು ಕಾರಣಕ್ಕೆ ಮನೆಗಳಲ್ಲಿ ತಡವಾಗುತ್ತದೆ. ಹೊರದೇಶದಲ್ಲಿರುವ ಮಗ ಬಂದ ಮೇಲೆ ತೀರ್ಮಾನ ಎನ್ನುತ್ತಾರೆ. ಅವನು ಟಿಕೆಟ್ ಹೊಂದಿಸಿಕೊಂಡು ಬರುವಷ್ಟರಲ್ಲಿ ಮೂರು ದಿನ. ಅಷ್ಟರಲ್ಲಿ ಅಮಾವಾಸ್ಯೆಯೋ ಅಷ್ಟಮಿಯೋ ಅಡ್ಡ ಬಂದಿರುತ್ತದೆ. ವಿಡಿಯೊ ಕಾಲ್‌ನಲ್ಲಿ ಒಪ್ಪಿಗೆ ಕೊಡಿ ಎಂದು ಮಕ್ಕಳನ್ನು ಬೇಡುತ್ತೇನೆ. ನೀವು ಬಂದು ತಲುಪುವ ದಿನ ತಾಯಿ ವಾಕರ್ ಹಿಡಿದು ನಿಂತಿರಲಿ.

ಬಾಲೋ, ರಾಡೋ

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಮೇಲೆ ಡಾಕ್ಟರು ಎರಡರಲ್ಲೊಂದು ಹೇಳುತ್ತಾರೆ. ಜನರ ಬಾಯಲ್ಲಿ ಅದು 'ಬಾಲ್ ಹಾಕ್ತಾರಂತೆ', 'ರಾಡ್ ಹಾಕ್ತಾರಂತೆ' ಎಂದಾಗುತ್ತದೆ. ಈ ವ್ಯತ್ಯಾಸ ಡಾಕ್ಟರ ಇಷ್ಟಾನಿಷ್ಟದ್ದಲ್ಲ. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು ಇದೆ, ಅದರ ಕೆಳಗೆ ಕಿರಿದಾದ ಕತ್ತು. ಗುಂಡಿಗೆ ಬೇಕಾದ ರಕ್ತ ಹೆಚ್ಚಾಗಿ ಹೋಗುವುದು ಕೆಳಗಿನಿಂದ, ಕತ್ತನ್ನು ಬಳ್ಳಿಯಂತೆ ಅಪ್ಪಿಕೊಂಡು ಹತ್ತುವ ಸಣ್ಣ ನಾಳಗಳಲ್ಲಿ. ಕತ್ತು ಮುರಿದು ತುಂಡುಗಳು ಸರಿದುಬಿಟ್ಟರೆ ಆ ನಾಳಗಳು ಹರಿಯುತ್ತವೆ. ಸ್ಕ್ರೂ ಹಾಕಿ ಜೋಡಿಸಿದರೂ ರಕ್ತವಿಲ್ಲದ ಗುಂಡು ಮುಂದೆ ಸತ್ತು ಕುಸಿಯುವ ಸಾಧ್ಯತೆ ಹೆಚ್ಚು, ಆಗ ಎರಡನೇ ಆಪರೇಷನ್ ಬೇಕಾಗುತ್ತದೆ. ಹಿರಿಯರಿಗೆ ಎರಡನೇ ಸಲ ಎನ್ನುವುದು ಇರಬಾರದು. ಹಾಗಾಗಿ ಗುಂಡನ್ನೇ ತೆಗೆದು ಲೋಹದ ಗುಂಡು ಕೂರಿಸುತ್ತಾರೆ. ಬಿದ್ದ ದಿನದವರೆಗೂ ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಗುಂಡು–ಬಟ್ಟಲು ಎರಡನ್ನೂ ಬದಲಿಸುವುದುಂಟು. ಮುರಿತ ಕತ್ತಿನಿಂದ ಕೆಳಗೆ, ಮೂಳೆ ಉಬ್ಬಿರುವ ಕಡೆ ಆಗಿದ್ದರೆ ಅಲ್ಲಿ ರಕ್ತದ ಕೊರತೆ ಇಲ್ಲ, ಮೂಳೆ ಕೂಡಿಕೊಳ್ಳುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಒಳಗೆ ರಾಡು ಅಥವಾ ಪ್ಲೇಟು–ಸ್ಕ್ರೂ ಸಾಕು. ಎರಡರ ಉದ್ದೇಶವೂ ಒಂದೇ: ಮಾರನೆಯ ದಿನ ಆ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವಂತಿರಬೇಕು.

ಇನ್ನು ಅರಿವಳಿಕೆಯ ಮಾತು. 'ಬೆನ್ನಿಗೆ ಇಂಜೆಕ್ಷನ್ ಚುಚ್ಚಿದರೆ ಜೀವಮಾನವೆಲ್ಲ ಬೆನ್ನುನೋವು' ಎಂಬ ಹೆದರಿಕೆ ನಮ್ಮಲ್ಲಿದೆ. ಪೂರ್ತಿ ಮಂಪರು ಕೊಟ್ಟರೆ ಮತ್ತೆ ಏಳುವುದಿಲ್ಲ ಎಂಬ ಹೆದರಿಕೆಯೂ ಇದೆ. 1,600 ಸೊಂಟಮುರಿತದ ರೋಗಿಗಳನ್ನು ಎರಡು ಗುಂಪು ಮಾಡಿ ಎರಡೂ ಬಗೆಯ ಅರಿವಳಿಕೆಯನ್ನು ಹೋಲಿಸಿದ ಅಧ್ಯಯನ 2021ರಲ್ಲಿ ಬಂತು. 60 ದಿನಗಳ ನಂತರ ಬದುಕಿದ್ದು ನಡೆಯುತ್ತಿದ್ದವರ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಯಾವುದು ಕೊಡಬೇಕೆಂಬುದನ್ನು ಅರಿವಳಿಕೆಯ ಡಾಕ್ಟರಿಗೇ ಬಿಟ್ಟು, ನಾವು ಕೇಳಬೇಕಾದ ಪ್ರಶ್ನೆ 'ಯಾವಾಗ' ಎನ್ನುವುದು.

ಈ 'ಯಾವಾಗ' ಎನ್ನುವುದೇ ವಾರ್ಡಿನಲ್ಲಿ ಜಾರಿಹೋಗುತ್ತದೆ. ಮೂಳೆ ಡಾಕ್ಟರು ಫಿಟ್‌ನೆಸ್ ಬೇಕು ಎನ್ನುತ್ತಾರೆ. ಫಿಸಿಷಿಯನ್ ಬಂದು ಹೃದಯದ ಎಕೋ ಪರೀಕ್ಷೆ ಬರೆಯುತ್ತಾರೆ. ಎಕೋ ಮಾಡುವವರು ಭಾನುವಾರ ಇರುವುದಿಲ್ಲ. ಸೋಮವಾರ ಸೋಡಿಯಂ ಕಡಿಮೆ ಎಂದು ಗೊತ್ತಾಗುತ್ತದೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರಲ್ಲಿ ಇದು ಬಹಳ ಸಾಮಾನ್ಯ. ತಲೆ ಹಗುರಾಗಿ ಬೀಳುವುದಕ್ಕೆ ಅದೇ ಕಾರಣವಾಗಿರುವುದೂ ಉಂಟು. ಸ್ಟೆಂಟ್ ಹಾಕಿಸಿಕೊಂಡವರು ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಐದು ದಿನ ಕಾಯೋಣ ಎನ್ನುವವರು ಈಗಲೂ ಇದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳಿಗಾಗಿ ಆಪರೇಷನ್ ಮುಂದೂಡಬೇಡಿ ಎಂದು ಬ್ರಿಟನ್ನಿನ ಅರಿವಳಿಕೆ ತಜ್ಞರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ವಾರ್ಫರಿನ್ ಆದರೆ ವಿಟಮಿನ್ ಕೆ ಕೊಟ್ಟು ಅದರ ಪರಿಣಾಮವನ್ನು ಬೇಗ ಇಳಿಸಬಹುದು. ಹೃದಯ ನಿಜಕ್ಕೂ ಸೋತಿದ್ದರೆ, ಎದೆಯಲ್ಲಿ ಸೋಂಕಿದ್ದರೆ, ಸಕ್ಕರೆ ಹಿಡಿತ ತಪ್ಪಿದ್ದರೆ ಸರಿಪಡಿಸಲೇಬೇಕು, ಆದರೆ ಅದೇ ದಿನ ಶುರು ಮಾಡಬೇಕು. ಒಬ್ಬರ ಚೀಟಿಗೆ ಇನ್ನೊಬ್ಬರು ಕಾಯುತ್ತ ಮೂರು ದಿನ ಹೋಗುವುದನ್ನು ಒಪ್ಪಬಾರದು.

ಇದಕ್ಕೆ ಉತ್ತರ ಹೊಸದೇನಲ್ಲ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಿನಲ್ಲಿ ಮೈಕೆಲ್ ಡೆವಾಸ್ ಎಂಬ ಮೂಳೆ ಸರ್ಜನ್ ಮತ್ತು ಬಾಬಿ ಅರ್ವಿನ್ ಎಂಬ ವೃದ್ಧರೋಗ ತಜ್ಞ ಕಳೆದ ಶತಮಾನದ ನಡುವಿನಲ್ಲೇ ಒಟ್ಟಿಗೆ ವಾರ್ಡ್ ನೋಡಲು ಶುರು ಮಾಡಿದರು. ಮೂಳೆಯನ್ನು ಒಬ್ಬರು, ಮನುಷ್ಯನನ್ನು ಇನ್ನೊಬ್ಬರು, ಮೊದಲ ದಿನದಿಂದಲೇ. 2007ರಲ್ಲಿ ಬ್ರಿಟನ್ನಿನಲ್ಲಿ ಸೊಂಟಮುರಿತದ ರಾಷ್ಟ್ರೀಯ ದಾಖಲೆ ಶುರುವಾಯಿತು: ಯಾವ ಆಸ್ಪತ್ರೆಯಲ್ಲಿ ಎಷ್ಟು ಗಂಟೆಗೆ ಆಪರೇಷನ್ ಆಯಿತು, ವೃದ್ಧರೋಗ ತಜ್ಞರು ನೋಡಿದರೇ, ಮರುದಿನ ಎಬ್ಬಿಸಿದರೇ ಎಲ್ಲವೂ ಅದರಲ್ಲಿ ಬರೆಯಬೇಕು. 2010ರಿಂದ, ಇವೆಲ್ಲ ಸರಿಯಾಗಿ ಆಗಿದ್ದರೆ ಆಸ್ಪತ್ರೆಗೆ ಸರ್ಕಾರ ಹೆಚ್ಚು ಹಣ ಕೊಡತೊಡಗಿತು. ಇಂಗ್ಲೆಂಡಿನಲ್ಲಿ 30 ದಿನಗಳೊಳಗೆ ತೀರಿಕೊಳ್ಳುವವರ ಪ್ರಮಾಣ 2007ರಲ್ಲಿ ಶೇ 10.9 ಇದ್ದದ್ದು 2011ರ ಹೊತ್ತಿಗೆ ಶೇ 8.5ಕ್ಕೆ ಇಳಿಯಿತು. ಹೊಸ ಔಷಧಿ ಬಂದು ಆದದ್ದಲ್ಲ ಇದು. ಹೊತ್ತಿಗೆ ಸರಿಯಾಗಿ ಮಾಡಿ, ಬರೆದಿಟ್ಟುಕೊಂಡು, ಒಬ್ಬರನ್ನೊಬ್ಬರು ನೋಡಿ ಸರಿಪಡಿಸಿಕೊಂಡದ್ದರಿಂದ ಆದದ್ದು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ 397 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ವೃದ್ಧರೋಗ ತಜ್ಞರ ವಾರ್ಡಿನಲ್ಲಿ ಇದ್ದವರು ನಾಲ್ಕು ತಿಂಗಳ ನಂತರ ಹೆಚ್ಚು ಚೆನ್ನಾಗಿ ನಡೆದಾಡುತ್ತಿದ್ದರು.

ಬೇಗ ಎಂದರೆ ಎಷ್ಟು ಬೇಗ? 17 ದೇಶಗಳ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ, 6 ಗಂಟೆಯ ಆಸುಪಾಸಿನಲ್ಲಿ ಆಪರೇಷನ್ ಆದವರನ್ನೂ 24 ಗಂಟೆಯ ಆಸುಪಾಸಿನಲ್ಲಿ ಆದವರನ್ನೂ ಹೋಲಿಸಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ಬೇಗ ಆದವರಲ್ಲಿ ಮನಸ್ಸಿನ ಗೊಂದಲ ಮತ್ತು ಮೂತ್ರದ ಸೋಂಕು ಕಡಿಮೆಯಿತ್ತು, ಬೇಗ ಎದ್ದು ನಿಂತರು. ಅಂದರೆ ಮಧ್ಯರಾತ್ರಿ ಎಬ್ಬಿಸಿ ಕೊಯ್ಯುವ ಗಾಬರಿ ಬೇಕಿಲ್ಲ. ಬಂದ ದಿನ ಅಥವಾ ಮಾರನೆಯ ದಿನ ಎಂಬ ಗಡುವು ಸಾಕು, ಅದನ್ನು ಮೀರಬಾರದು.

ಕಾಯುವ ಆ ಒಂದು ದಿನದಲ್ಲೂ ನೋವನ್ನು ಸಹಿಸಿಕೊಳ್ಳಬೇಕಿಲ್ಲ. ನಮ್ಮ ಹಿರಿಯರು, ಅದರಲ್ಲೂ ತಾಯಂದಿರು, ನೋವು ಹೇಳಿಕೊಳ್ಳುವುದಿಲ್ಲ. "ಪರವಾಗಿಲ್ಲ ಡಾಕ್ಟ್ರೇ" ಎನ್ನುತ್ತಾರೆ. ಪಕ್ಕಕ್ಕೆ ಹೊರಳಿಸಿದಾಗ ಮುಖ ನೋಡಿದರೆ ತಿಳಿಯುತ್ತದೆ. ಎಮರ್ಜೆನ್ಸಿಯಲ್ಲೇ ತೊಡೆಸಂದಿನಲ್ಲಿ ನರದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ನೋವು ಬಹಳಷ್ಟು ಇಳಿಯುತ್ತದೆ, ಮಂಪರು ಬರಿಸುವ ಔಷಧಿ ಕಡಿಮೆ ಸಾಕಾಗುತ್ತದೆ. 'ಬ್ಲಾಕ್ ಕೊಡುತ್ತೀರಾ?' ಎಂದು ಕೇಳಿ.

ರಾತ್ರಿಯ ಹೊತ್ತು ಇನ್ನೊಂದು ಬಗೆಯ ಆಘಾತ ಕಾದಿರುತ್ತದೆ. ನಿನ್ನೆವರೆಗೆ ಪಂಚಾಂಗ ನೋಡಿ ತಿಥಿ ಹೇಳುತ್ತಿದ್ದ ತಂದೆ, ಇದ್ದಕ್ಕಿದ್ದಂತೆ ಸೊಸೆಯ ಗುರುತು ಹಿಡಿಯುವುದಿಲ್ಲ. ಡ್ರಿಪ್ ಕಿತ್ತೆಸೆಯುತ್ತಾರೆ, ಎಂದೋ ತೀರಿಹೋದ ಅಣ್ಣನನ್ನು ಕೂಗುತ್ತಾರೆ. ಮನೆಯವರು ಹುಚ್ಚು ಹಿಡಿಯಿತೆಂದೋ ಪಾರ್ಶ್ವವಾಯು ಎಂದೋ ನಡುಗಿಹೋಗುತ್ತಾರೆ. ಸೊಂಟ ಮುರಿದ ಹಿರಿಯರಲ್ಲಿ ಇಂಥ ಗೊಂದಲ ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ಇಳಿಯುತ್ತದೆ. ನೋವು, ಮಲಬದ್ಧತೆ, ಕಟ್ಟಿದ ಮೂತ್ರ, ನೀರಿನ ಕೊರತೆ, ಸೋಂಕು, ನಿದ್ದೆಯಿಲ್ಲದ ರಾತ್ರಿ, ಹೊಸ ಮಾತ್ರೆ ಇವುಗಳಲ್ಲಿ ಯಾವುದಾದರೂ ಹಿಂದೆ ಇರುತ್ತದೆ, ಅದನ್ನು ಹುಡುಕಬೇಕು. ಕೈಕಾಲು ಮಂಚಕ್ಕೆ ಕಟ್ಟಿದರೆ ಗೊಂದಲ ಇನ್ನೂ ಕೆರಳುತ್ತದೆ. ಅವರ ಕನ್ನಡಕ, ಕಿವಿಯ ಮಿಷನ್, ಹಲ್ಲಿನ ಸೆಟ್ಟು ಮನೆಯ ಕಪಾಟಿನಲ್ಲಿದ್ದು ಏನು ಪ್ರಯೋಜನ? ತಂದುಕೊಡಿ. ಹಗಲು ಕಿಟಕಿಯ ಪರದೆ ಸರಿಸಿ. ಪರಿಚಿತ ದನಿಯೊಂದು ಪಕ್ಕದಲ್ಲಿರಲಿ. ಮನೆಯ ಒಬ್ಬರನ್ನು ರಾತ್ರಿಯೂ ಹತ್ತಿರ ಕೂರಲು ಬಿಡುವುದು ಆಸ್ಪತ್ರೆಗಳಿಗೆ ಕಷ್ಟವಾಗಬಾರದು.

ಎದ್ದ ಮೇಲೆ

ಆಪರೇಷನ್ ಆದ ಮಾರನೆಯ ದಿನ ಫಿಸಿಯೋ ಬಂದು ಕೂರಿಸುತ್ತಾರೆ, ನಿಲ್ಲಿಸುತ್ತಾರೆ. "ನಿನ್ನೆ ತಾನೆ ಕೊಯ್ದಿದ್ದಾರೆ, ಇವತ್ತೇ ನಿಲ್ಲಿಸ್ತೀರಾ?" ಎಂದು ಜಗಳ ತೆಗೆಯುವ ಮಕ್ಕಳಿದ್ದಾರೆ. ಡಾಕ್ಟರು ಬೇಡ ಎಂದು ಹೇಳಿರದಿದ್ದರೆ ನಿಲ್ಲಿಸಲೇಬೇಕು. ನೋವಿನ ಮಾತ್ರೆ ಅದಕ್ಕೂ ಅರ್ಧ ಗಂಟೆ ಮೊದಲು ಕೊಟ್ಟಿರಬೇಕು.

ಊಟದ ವಿಷಯದಲ್ಲಿ ನಮ್ಮದು ಬಹಳ ಹಳೆಯ ತಪ್ಪು. ಆಪರೇಷನ್ ಆದವರಿಗೆ ವಾರಗಟ್ಟಲೆ ಗಂಜಿ, ತಿಳಿಸಾರು, ಬ್ರೆಡ್ಡು. ಕರಗಿದ ಮಾಂಸಖಂಡ ಮತ್ತೆ ಬೆಳೆಯಬೇಕಾದರೆ ಪ್ರೋಟೀನ್ ಬೇಕು. ಕಾಯಿಲೆಯಿಂದ ಏಳುತ್ತಿರುವ ಹಿರಿಯರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂದು ತಜ್ಞರ ಸಲಹೆ; 50 ಕಿಲೋದವರಿಗೆ 60 ಗ್ರಾಂ ಮುಟ್ಟಬೇಕು. ಗಂಜಿಯಲ್ಲಿ ಅದು ಕೂಡಿಬರುವುದಿಲ್ಲ. ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಸುಲಭ. ತಿನ್ನದವರಿಗೆ ಗಟ್ಟಿ ಬೇಳೆ, ಹೆಸರುಕಾಳು ಉಸ್ಲಿ, ಮೊಸರು, ಪನೀರ್, ಹಾಲು, ಕಡ್ಲೆಬೀಜ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪವಾಗಿ ಹೋಗಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಕೊಳ್ಳಬೇಕು. ಕಾಲುಸೂಪು ಮೂಳೆ ಕೂಡಿಸುತ್ತದೆ ಎಂದು ನಂಬಿದ್ದೇವೆ. ಬಿಸಿಬಿಸಿಯಾಗಿ ಕುಡಿಯಲಿ, ಬೇಡವೆನ್ನುವುದಿಲ್ಲ, ಆದರೆ ಮೂಳೆ ಬೇಯಿಸಿದ ನೀರಿಗೆ ಇಳಿಯುವ ಸುಣ್ಣದಂಶ ಬಹಳ ಕಡಿಮೆ. ಅದಕ್ಕಿಂತ ನಮ್ಮ ರಾಗಿಯೇ ಮೇಲು: 100 ಗ್ರಾಂನಲ್ಲಿ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ.

ಮನೆಗೆ ಬಂದ ಮೇಲಿನ ಭಾರ ಹೆಚ್ಚಾಗಿ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಸೊಸೆ ಅಥವಾ ಮಗಳು, ಇಲ್ಲವೇ ಎಪ್ಪತ್ತೆಂಟರ ಹೆಂಡತಿ. ಕಮೋಡ್ ಚೇರು, ವಾಕರು, ಮಂಚ, ಗಾಳಿಹಾಸಿಗೆ ಬಾಡಿಗೆಗೆ ಸಿಗುತ್ತವೆ. ಹೋಮ್ ನರ್ಸನ್ನು ಏಜೆನ್ಸಿಯಿಂದ ಕರೆಸಬಹುದು, ಆದರೆ ಎಷ್ಟೋ ಸಲ ತಿಂಗಳ ಪೆನ್ಷನ್‌ಗಿಂತ ಅವರ ಸಂಬಳವೇ ಹೆಚ್ಚು. ಕರ್ನಾಟಕದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಅದು ಆಸ್ಪತ್ರೆಯ ಬಾಗಿಲವರೆಗೆ. ಆಮೇಲಿನ ಮೂರು ತಿಂಗಳ ಫಿಸಿಯೋ, ಆರೈಕೆ, ಡೈಪರು, ರಜೆ ಹಾಕಿ ಕಳೆದುಕೊಂಡ ಸಂಬಳ ಯಾವ ಪ್ಯಾಕೇಜಿನಲ್ಲೂ ಇಲ್ಲ. ಕಾಲೂರಿ ನಡೆಯುವುದು ಆಪರೇಷನ್ ಟೇಬಲ್ಲಿನ ಮೇಲೆ ಅರ್ಧ ಮಾತ್ರ ಗೆದ್ದಂತೆ. ಉಳಿದರ್ಧ ಮನೆಯಲ್ಲಿ ಗೆಲ್ಲಬೇಕು. ಫಿಸಿಯೋ ವೆಚ್ಚವನ್ನು ಯೋಜನೆಯೊಳಗೆ ತರದೆ ಬರೀ ಆಪರೇಷನ್‌ಗೆ ಹಣ ಕೊಡುವುದು ಸರ್ಕಾರ ಮಾಡುತ್ತಿರುವ ಅರ್ಧ ಕೆಲಸ ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಆದ ಮೇಲೂ ಮರೆತುಹೋಗುವ ಸಂಗತಿಯೊಂದಿದೆ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತೆಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ. ಒಂದು ಸೊಂಟ ಮುರಿದವರಿಗೆ ಇನ್ನೊಂದು ಮುರಿಯುವ ಅಪಾಯ ಉಳಿದವರಿಗಿಂತ ಹೆಚ್ಚು. ಡಿಸ್ಚಾರ್ಜ್ ಹಾಳೆಯಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದಿರುತ್ತಾರೆ. ಮೂಳೆ ಗಟ್ಟಿ ಮಾಡುವ ಔಷಧಿಯ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಝೋಲೆಡ್ರೋನಿಕ್ ಆ್ಯಸಿಡ್ ಎಂಬ ಔಷಧಿಯನ್ನು ಸೊಂಟ ಮುರಿದ 2,127 ಜನರ ಮೇಲೆ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ಮುರಿತಗಳು ಶೇ 35ರಷ್ಟು, ಸಾವು ಶೇ 28ರಷ್ಟು ಕಡಿಮೆಯಾಗಿದ್ದವು. ಮೂತ್ರಪಿಂಡದ ಸ್ಥಿತಿ, ವಿಟಮಿನ್ ಡಿ ಮಟ್ಟ ನೋಡಿ ಕೊಡುವ ಔಷಧಿ ಇದು, ಎಲ್ಲರಿಗೂ ಆಗದು. ಆಗದವರಿಗೆ ಬೇರೆಯವು ಇವೆ. ಡಿಸ್ಚಾರ್ಜ್ ಆಗುವ ದಿನ ಹೊಲಿಗೆ ಬಿಚ್ಚುವ ತಾರೀಖು ಕೇಳುವಾಗಲೇ "ಮೂಳೆಗೆ ಏನು ಔಷಧಿ ಕೊಡುತ್ತೀರಿ?" ಎಂದೂ ಕೇಳಬೇಕು.

ಆಪರೇಷನ್ ಬೇಡ ಎನ್ನುವುದೇ ಸರಿಯಾದ ಸಂದರ್ಭವೂ ಉಂಟು. ಮೊದಲೇ ಹಾಸಿಗೆಯಲ್ಲಿದ್ದವರು, ಮರೆವಿನ ಕಾಯಿಲೆಯ ಕೊನೆಯ ಹಂತದವರು, ಕೆಲವೇ ವಾರಗಳ ಬದುಕು ಉಳಿದಿರುವವರು. ಅಂಥವರಿಗೆ ಕೊಯ್ಯದೆ ನೋವು ನೀಗಿಸುವ ಚಿಕಿತ್ಸೆಯನ್ನು ಆರಿಸಿಕೊಂಡ ಕುಟುಂಬಗಳ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನವೊಂದು 2022ರಲ್ಲಿ ವರದಿ ಮಾಡಿತು. ಎಲ್ಲವನ್ನೂ ತಿಳಿಹೇಳಿ ಕೂತು ಮಾತಾಡಿ ತೆಗೆದುಕೊಂಡ ಆ ತೀರ್ಮಾನ ಅವರಿಗೆ ನೆಮ್ಮದಿ ಕೊಟ್ಟಿತ್ತು. ಆದರೆ ಅದು ಡಾಕ್ಟರ ಜೊತೆ ಕೂತು ಮಾಡಬೇಕಾದ ತೀರ್ಮಾನ, ಹಾಲಿನ ಪಂಚಾಯಿತಿಯಲ್ಲಿ ವಯಸ್ಸು ಒಂದನ್ನೇ ನೋಡಿ ಮಾಡುವುದಲ್ಲ. ಆಪರೇಷನ್ ಇಲ್ಲ ಎಂದ ಮೇಲೆ ನೋವಿನ ಚಿಕಿತ್ಸೆ ಎರಡರಷ್ಟು ಚೆನ್ನಾಗಿ ಆಗಬೇಕು.

ಬೀಳದಂತೆ ನೋಡಿಕೊಳ್ಳುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬಚ್ಚಲಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ, ಮಂಚದಿಂದ ಪಾಯಿಖಾನೆವರೆಗೆ ರಾತ್ರಿ ದೀಪ, ಮೆಟ್ಟಿಲಿನ ಎರಡೂ ಬದಿಗೆ ಕಂಬಿ, ಗ್ರಾನೈಟ್ ಮೆಟ್ಟಿಲ ಅಂಚಿಗೆ ಒರಟು ಪಟ್ಟಿ, ಹಿಂದೆ ಪಟ್ಟಿ ಇರುವ ಚಪ್ಪಲಿ. ನಿದ್ದೆಮಾತ್ರೆ ಮತ್ತು ಬಿ.ಪಿ. ಮಾತ್ರೆಗಳನ್ನು ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಹರಡಿ, ಯಾವುದು ಬಿಡಬಹುದೆಂದು ಕೇಳುವುದು. ಕಣ್ಣಿನ ಪೊರೆ ತೆಗೆಸುವುದು. ಜೆ.ಪಿ. ಪಾರ್ಕಿನಲ್ಲಿ ದಿನಾ ಮೂರು ಸುತ್ತು ಹಾಕುವ ಹಿರಿಯರು ನಡಿಗೆಯೊಂದೇ ಸಾಕೆಂದುಕೊಂಡಿದ್ದಾರೆ. ಬೀಳದಿರಲು ಬೇಕಾದದ್ದು ತೊಡೆಯ ಬಲ ಮತ್ತು ಸಮತೋಲ. ಬೆಂಚನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕೈ ಊರದೆ ಕೂತು ಏಳುವುದು ಇವನ್ನು ಸೇರಿಸಿಕೊಳ್ಳಬೇಕು. ವ್ಯಾಯಾಮದ ಬಗ್ಗೆ ಪ್ರಪಂಚದಾದ್ಯಂತ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ ಬೀಳುವಿಕೆ ಶೇ 23ರಷ್ಟು ಇಳಿದದ್ದು ಕಂಡುಬಂತು.

ನಿಮ್ಮ ಮನೆಯಲ್ಲಿ 65 ದಾಟಿದವರಿದ್ದರೆ ಈ ಭಾನುವಾರವೇ ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಅವರು ನುಂಗುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಹಿಂದೆ ಆದ ಆಪರೇಷನ್, ಸ್ಟೆಂಟು, ಅಲರ್ಜಿ, ಆರೋಗ್ಯ ಕಾರ್ಡಿನ ನಂಬರು, ಹತ್ತಿರದಲ್ಲಿ ದಿನದ 24 ಗಂಟೆಯೂ ಮೂಳೆ ಸರ್ಜನ್ ಸಿಗುವ ಆಸ್ಪತ್ರೆ, ಒಪ್ಪಿಗೆಗೆ ಸಹಿ ಹಾಕುವವರು ಯಾರು. ಹಾಳೆಯನ್ನು ಫ್ರಿಜ್‌ನ ಬಾಗಿಲಿಗೆ ಅಂಟಿಸಿ. ಅವರು ಬಿದ್ದರೆ ಕಂಕುಳಿಗೆ ಕೈಹಾಕಿ ಎತ್ತಬೇಡಿ, ಕಾಲು ಎಳೆಯಬೇಡಿ, ತಿಕ್ಕಬೇಡಿ, ಆಟೋದಲ್ಲಿ ಕೂರಿಸಬೇಡಿ. ಎರಡು ಕಾಲುಗಳ ನಡುವೆ ದಿಂಬಿಟ್ಟು, ಹೊದಿಸಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋದ ಮೊದಲ ಗಂಟೆಯಲ್ಲೇ ಕೇಳಿ: ಆಪರೇಷನ್ ಇವತ್ತೋ, ನಾಳೆಯೋ?